ಕೊಟ್ಟಾರ ಚೌಕಿಯಿಂದ ಹಂಪನಕಟ್ಟೆಗೆ ಸೈಕಲ್: ಹೋಗಬಹುದು, ದಾರಿ ಬದಲಿಸಿ

ಮಂಗಳೂರಿನ ಕೊಟ್ಟಾರ ಚೌಕಿಯಿಂದ ಹಂಪನಕಟ್ಟೆಯ ಆಫೀಸಿಗೆ ಸೈಕಲ್‌ನಲ್ಲಿ ಹೋಗಬಹುದಾ, ಬಸ್ಸುಗಳ ಹೆದರಿಕೆ ಅಂತ ಕೇಳಿದ್ದೀರಿ. ಹೋಗಬಹುದು ಮಾರಾಯ್ರೆ. ಆದರೆ ಲಾಲ್‌ಬಾಗ್, ಪಿವಿಎಸ್ ಕಡೆಯ ದೊಡ್ಡ ರಸ್ತೆ ಬೇಡ. ಲೇಡಿಹಿಲ್‌ನಲ್ಲಿ ಮಣ್ಣಗುಡ್ಡೆಗೆ ತಿರುಗಿ, ಅಳಕೆ, ರಥಬೀದಿ ಮೂಲಕ ಹೋಗಿ. ರಥಬೀದಿಯಲ್ಲಿ ಗಿಜಿಗಿಜಿ ಇದೆ, ನಿಜ. ಆದರೆ ಅಲ್ಲಿ ಯಾರಿಗೂ ಜೋರಾಗಿ ಓಡಿಸಲು ಆಗುವುದಿಲ್ಲ, ಅದೇ ನಮಗೆ ಲಾಭ. ವೇಗ 30 ಇದ್ದದ್ದು 60 ಆದರೆ ಗುದ್ದುವ ಶಕ್ತಿ 2 ಪಟ್ಟಲ್ಲ, 4 ಪಟ್ಟಾಗುತ್ತದೆ.

ಸಿಟಿ ಬಸ್‌ಗಳಿಗೆ ಟೈಮಿಂಗಿನ ಗಡಿಬಿಡಿ. ನಿಮ್ಮನ್ನು ಹಿಂದೆ ಹಾಕಿದ ಬಸ್ಸು ಮುಂದಿನ ಸ್ಟಾಪಿನಲ್ಲಿ ಎಡಕ್ಕೆ ಎಳೆದು ನಿಲ್ಲುತ್ತದೆ. ಅದರ ಎಡಬದಿಯಲ್ಲಿ ಮಾತ್ರ ನುಗ್ಗಬೇಡಿ, ಹಿಂದೆಯೇ ನಿಲ್ಲಿ. ಹಾಗಂತ ರಸ್ತೆಯ ತೀರಾ ಅಂಚಿಗೂ ಅಂಟಿಕೊಳ್ಳಬೇಡಿ. ಕಾಂಕ್ರೀಟ್ ಮುಗಿಯುವಲ್ಲಿ ಮಣ್ಣು ತಗ್ಗಿರುತ್ತದೆ. ಕಳೆದ ಮಳೆಗಾಲದಲ್ಲಿ ಚಕ್ರ ಅಲ್ಲೇ ಜಾರಿ ನನ್ನ ಮೊಣಕಾಲು ತರಚಿತು. ನಿಲ್ಲಿಸಿದ ಕಾರುಗಳಿಂದ ಒಂದು ಮೀಟರ್ ದೂರ ಇರಿ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಚರಂಡಿಯ ಚಪ್ಪಡಿ ಒಡೆದದ್ದು ಕಂಡರೆ ಫೋಟೋ ತೆಗೆದು ಪಾಲಿಕೆಗೆ ಕೊಡಿ, ಜಾಗದ ಗುರುತು ಸರಿಯಾಗಿ ಬರೆಯಿರಿ.

ಮೊದಲ ಸಲ ಭಾನುವಾರ ಬೆಳಿಗ್ಗೆ ಸುಮ್ನೆ ಹೋಗಿ ನೋಡಿ. ಕೊನೆಯ ಏರು ಸ್ವಲ್ಪ ದಮ್ಮು ಕಟ್ಟಿಸುತ್ತದೆ. ಬ್ಯಾಗಿನಲ್ಲಿ ಇನ್ನೊಂದು ಅಂಗಿ ಇರಲಿ, ನಮ್ಮೂರಿನ ಸೆಕೆ ಗೊತ್ತಲ್ವಾ!