ಗುರುತು ಸಿಗದಿದ್ದರೂ ಹೋಗಿ ಬನ್ನಿ

ಬ್ಯಾಡಗಿಯ ಓದುಗರೊಬ್ಬರು ಬರೆದಿದ್ದಾರೆ: ‘ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಏಳನೇ ಇಯತ್ತೆಯಲ್ಲಿ ಗಣಿತ ಕಲಿಸಿದ ಸರ್ ನಿವೃತ್ತರಾಗಿ ಹಾವೇರಿಯಲ್ಲಿದ್ದಾರಂತೆ. “ಉತ್ತರ ಬಂತಂತ ಪಾಟಿ ಕೆಳಗಿಡಬ್ಯಾಡ, ತಿರುಗಿ ತಾಳೆ ನೋಡು” ಅನ್ನುತ್ತಿದ್ದರು. ಇಂದಿಗೂ ಹಾಗೇ ಮಾಡುತ್ತೇನೆ. ಅಂಗಡಿಗೆ ಹೊಸದಾಗಿ ಬಂದ ಹುಡುಗರಿಗೂ ಅದನ್ನೇ ಹೇಳುತ್ತೇನೆ. ಸರ್ ಕಾಲಿಗೆ ಬೀಳಬೇಕೆಂಬ ಆಸೆ. ಆದರೆ ನಾನು ಜಾಣ ವಿದ್ಯಾರ್ಥಿಯಲ್ಲ, ದೊಡ್ಡ ಹುದ್ದೆಗೂ ಏರಲಿಲ್ಲ. ಗುರುತು ಹಿಡಿಯದಿದ್ದರೆ? ಹೋಗಲೋ ಬೇಡವೋ?’

ಹೋಗಿ. ಸೆಪ್ಟೆಂಬರ್ 5ರವರೆಗೆ ಕಾಯಬೇಡಿ. ಅಂದು ಶಾಲು, ಹಾರ, ಭಾಷಣ ಎಲ್ಲ ಇರುತ್ತವೆ, ಕೂತು ಮಾತಾಡಲು ಪುರುಸೊತ್ತು ಇರುವುದಿಲ್ಲ.

ಅವರಿಗೆ ನಿಮ್ಮ ಗುರುತು ಸಿಗದೇ ಇರಬಹುದು. ವರ್ಷಾ ಹೊಸ ಮಕ್ಕಳನ್ನು ಕಂಡವರು, ಎಷ್ಟು ಮುಖ ನೆನಪಿಟ್ಟಾರು? ಕಲಿಸಿದ್ದು ಮೈಗೆ ಹತ್ತಿತೋ ಇಲ್ಲವೋ ಎಂದು ತಿಳಿಯುವ ಹೊತ್ತಿಗೆ ಮಕ್ಕಳು ಸಾಲಿ ಬಿಟ್ಟು, ಊರೂ ಬಿಟ್ಟಿರುತ್ತಾರೆ. ಯಾರಾದರೂ ಹೋಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ನಿಮ್ಮ ಜಿಲ್ಲೆಯ ಹಾನಗಲ್ಲ ಸೀಮೆಯವರು, ಇಬ್ಬರಿಗೂ ಕಣ್ಣಿರಲಿಲ್ಲ. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಶಿಷ್ಯನಿಗೆ ಮೂವತ್ತು ವರ್ಷ. ಅಲ್ಲಿಂದ 2010ರಲ್ಲಿ ತಾವು ಕಣ್ಮುಚ್ಚುವವರೆಗೆ, 66 ವರ್ಷ, ಪುಟ್ಟರಾಜರು ಆಶ್ರಮ ನಡೆಸಿದರು. ಅಂಧ ಮಕ್ಕಳಿಗೆ ಊಟ ಹಾಕಿದರು, ಸ್ವರ ಹಚ್ಚಿದರು, ತಮ್ಮ ಕಾಲ ಮೇಲೆ ತಾವು ನಿಲ್ಲುವ ಹಾಗೆ ಮಾಡಿದರು. ಅವರು ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದದ್ದೂ ದೊಡ್ಡದೇ. ಆದರೂ ನನಗೆ ಎಲ್ಲಕ್ಕಿಂತ ಮಿಗಿಲಾಗಿ ಕಾಣುವುದು ಆ ಮಕ್ಕಳ ಕೆಲಸ. ಅಷ್ಟು ವರ್ಷಗಳಲ್ಲಿ ಒಂದು ದಿನವನ್ನೂ ಅವರ ಗುರುಗಳು ನೋಡಲಿಲ್ಲ. ನಿಮ್ಮ ಸರ್ ನೋಡಬಲ್ಲರು. ಅದು ನಿಮ್ಮ ಭಾಗ್ಯವೂ ಹೌದು.

ಹೋದಾಗ ‘ನಾ ಯಾರು ಹೇಳ್ರಿ ನೋಡೂಣು’ ಅಂತ ಪರೀಕ್ಷೆ ಮಾಡಬೇಡಿ. ವಯಸ್ಸಾದವರಿಗೆ ಅದು ಸಂಕಟ. ಹೆಸರು, ಊರು, ಯಾವ ವರ್ಷ, ಯಾರ ಮಗ್ಗುಲಿಗೆ ಕೂಡುತ್ತಿದ್ದಿರಿ, ಎಲ್ಲ ನೀವೇ ಹೇಳಿಬಿಡಿ. ‘ನಿಮ್ಮ ಆಶೀರ್ವಾದದಿಂದ ಚೆನ್ನಾಗಿದ್ದೇನೆ’ ಎಂದಷ್ಟೇ ಹೇಳಿ ಎದ್ದು ಬರಬೇಡಿ, ಅದನ್ನು ಎಲ್ಲರೂ ಹೇಳುತ್ತಾರೆ. ನಿಮ್ಮ ಕಿರ್ದಿಯ ಒಂದು ಪುಟ ತೋರಿಸಿ. ರೈತ ತಂದ ಚೀಲಗಳ ತೂಕ, ದರ, ಹಮಾಲಿ ಕಳೆದು ಉಳಿದ ಮೊತ್ತ, ನೀವು ಎರಡನೇ ಸಲ ತಾಳೆ ನೋಡಿ ಹಾಕಿದ ಗುರುತು. ವರ್ಷವಿಡೀ ದುಡಿದವನ ಕೈಗೆ ಒಂದು ರೂಪಾಯಿಯೂ ಕಡಿಮೆ ಹೋಗದಂತೆ ನೋಡಿಕೊಳ್ಳುವವರು ನೀವು. ಇದಕ್ಕಿಂತ ದೊಡ್ಡ ಹುದ್ದೆ ಬೇಕೆಂದು ನಿಮ್ಮ ಸರ್ ಕೇಳಲಾರರು.

ಅಂಗಡಿಯ ಆ ಹುಡುಗರಲ್ಲಿ ಒಬ್ಬನನ್ನಾದರೂ ಜೊತೆಗೆ ಕರೆದೊಯ್ಯಿರಿ. ತಾವು ಕಂಡೇ ಇರದ ಹುಡುಗ ತಮ್ಮ ಮಾತಿನಂತೆ ಲೆಕ್ಕ ಬರೆಯುತ್ತಿದ್ದಾನೆಂಬುದು ಸರ್‌ಗೆ ಗೊತ್ತಾಗಲಿ.

— ಸಂಪಾದಕ