ನರ್ಸ್ ಶಾರ್ಕ್‌ನಲ್ಲಿರುವ 'ನರ್ಸ್' ಯಾರು?

ನೀವು ಕೇಳಿದ್ದು ಎರಡು ವಿಷಯ. ಇಂಗ್ಲಿಷಿನ 'ನರ್ಸ್ ಶಾರ್ಕ್' ಎಂಬ ಹೆಸರಿಗೂ ಆಸ್ಪತ್ರೆಯ ನರ್ಸ್‌ಗೂ ಸಂಬಂಧ ಇದೆಯಾ? ಕನ್ನಡದಲ್ಲಿ ಅದನ್ನು 'ದಾದಿ ಶಾರ್ಕ್' ಎಂದು ಬರೆಯಬಹುದಾ? ಸಂಬಂಧ ಇಲ್ಲ. ಹಾಗೆ ಬರೆಯುವುದೂ ಬೇಡ. ಕಾರಣ ಸ್ವಲ್ಪ ಉದ್ದ ಇದೆ, ಆದರೆ ಈ ಹೆಸರಿನ ಕಥೆ ನನಗೆ ತುಂಬಾ ಇಷ್ಟ. ಹಾಗಾಗಿ ಪೂರ್ತಿ ಹೇಳುತ್ತೇನೆ.

ಎಲ್ಲ ಕಡೆ ಜಾಸ್ತಿ ಕೇಳಿಬರುವ ವಿವರಣೆ ಹೀಗಿದೆ. ಈ ಶಾರ್ಕ್ ಸಮುದ್ರದ ತಳದಲ್ಲಿ, ಬಂಡೆಗಳ ಸಂದಿಯಲ್ಲಿ ಅಡಗಿದ ಸೀಗಡಿ, ಏಡಿ, ಸಣ್ಣ ಮೀನುಗಳನ್ನು ಬಾಯಿಂದ ಜೋರಾಗಿ ಹೀರಿ ಎಳೆದುಕೊಳ್ಳುತ್ತದೆ. ಆಗ ಮಗು ಹಾಲು ಚೀಪುವಂಥ ಸದ್ದು ಬರುತ್ತದೆ, ಇಂಗ್ಲಿಷಿನಲ್ಲಿ 'ನರ್ಸ್' ಎಂದರೆ ಹಾಲುಣಿಸು, ಹಾಲು ಕುಡಿ ಎಂಬ ಅರ್ಥವೂ ಇದೆ, ಅದರಿಂದಲೇ ಈ ಹೆಸರು ಬಂತು ಅನ್ನುತ್ತಾರೆ. ಹೀರುವುದು ನಿಜ, ಸದ್ದೂ ನಿಜ. ಆದರೆ ಹೆಸರು ಅಲ್ಲಿಂದ ಬಂದಿರುವ ಸಾಧ್ಯತೆ ಕಡಿಮೆ. ಮರಿಗಳನ್ನು ಅಕ್ಕರೆಯಿಂದ ಸಾಕುತ್ತದೆ ಎನ್ನುವ ಮಾತಂತೂ ಸುಳ್ಳು. ಯಾವ ಶಾರ್ಕೂ ಮರಿಗೆ ಹಾಲು ಕೊಡುವುದಿಲ್ಲ. ನರ್ಸ್ ಶಾರ್ಕ್‌ನ ಮರಿಗಳು ಹುಟ್ಟಿದ ಕ್ಷಣದಿಂದ ತಮ್ಮ ಪಾಡು ತಾವೇ ನೋಡಿಕೊಳ್ಳಬೇಕು.

ಪದಗಳ ಇತಿಹಾಸ ಕೆದಕುವವರು ಹೇಳುವ ಕಥೆ ಬೇರೆ. ಹಳೆಯ ಇಂಗ್ಲಿಷ್ ಮೀನುಗಾರರ ಬಾಯಲ್ಲಿ ಸಣ್ಣ ಜಾತಿಯ ಶಾರ್ಕಿಗೆ 'ಹಸ್' ಎಂಬ ಹೆಸರಿತ್ತು. 'ಒಂದು ಹಸ್' ಅನ್ನುವುದಕ್ಕೆ 'ಆನ್ ಹಸ್' ಎನ್ನುತ್ತಿದ್ದರು. ಬೇಗ ಬೇಗ ಹೇಳುವಾಗ 'ಹ' ಸದ್ದು ಕರಗಿ, 'ನ್' ಮುಂದಿನ ಪದಕ್ಕೆ ಅಂಟಿತು. ಕೇಳಿದವರಿಗೆ ಅದು 'ಎ ನಸ್' ಆಯಿತು. ನಾವು 'ಅವನೆಲ್ಲಿ' ಅನ್ನುವಾಗಲೂ ಆ 'ನ' ಯಾವ ಪದದ್ದು ಎಂದು ಬರೀ ಕಿವಿಗೆ ಗೊತ್ತಾಗುವುದಿಲ್ಲ, ಅಲ್ವಾ? ಪದಗಳು ಗೊತ್ತಿರುವುದರಿಂದ ಬಿಡಿಸಿಕೊಳ್ಳುತ್ತೇವೆ, ಅಷ್ಟೇ.

ಇಂಗ್ಲಿಷಿನಲ್ಲಿ ಹೀಗೆ ಆಗಿರುವುದು ಇದೊಂದೇ ಪದಕ್ಕಲ್ಲ. 'ಆನ್ ಈಕ್‌ನೇಮ್' ಎಂಬುದು ಒಡೆದು 'ನಿಕ್‌ನೇಮ್' ಆಯಿತು. 'ನ್ಯೂಟ್' ಎಂಬ ಪ್ರಾಣಿಯ ಹೆಸರಿಗೂ ಹೀಗೇ 'ನ' ಬಂದು ಸೇರಿತು. ಉಲ್ಟಾ ಆದದ್ದೂ ಉಂಟು. 'ಏಪ್ರನ್' ಮೊದಲು 'ನೇಪ್ರನ್' ಆಗಿತ್ತು. ಕ್ರಿಕೆಟ್ಟಿನ 'ಅಂಪೈರ್' ಕೂಡ ಒಂದು ಕಾಲದಲ್ಲಿ 'ನ'ಕಾರದಿಂದಲೇ ಶುರುವಾಗುತ್ತಿತ್ತು.

'ನಸ್' ಹೋಗಿ 'ನರ್ಸ್' ಆದದ್ದು ಹೇಗೆ? ಆಡುಮಾತಿನಲ್ಲಿ 'ಸ' ಸದ್ದಿಗಿಂತ ಮೊದಲು ಬರುವ 'ರ' ಬಿದ್ದುಹೋಗುವುದು ಇಂಗ್ಲಿಷಿನಲ್ಲಿ ಹಳೆಯ ರೂಢಿ. 'ಕರ್ಸ್' ಅನ್ನುವುದು 'ಕಸ್' ಆಗುತ್ತದೆ, 'ಬರ್ಸ್ಟ್' ಅನ್ನುವುದು 'ಬಸ್ಟ್' ಆಗುತ್ತದೆ. ಆಸ್ಪತ್ರೆಯ ನರ್ಸನ್ನೂ ಹಳ್ಳಿಯ ಕಡೆ 'ನಸ್' ಎನ್ನುವುದಿತ್ತು. ಹಾಗಾಗಿ ಮೀನಿನ 'ನಸ್' ಅನ್ನು ಬರೆಯಲು ಹೋದವರಿಗೆ ಪರಿಚಯದ 'ನರ್ಸ್' ಪದವೇ ನೆನಪಾಗಿರಬೇಕು. ನಿಘಂಟುಗಳು ಈ ಕಥೆಯನ್ನು ಹೇಳುವಾಗ 'ಬಹುಶಃ' ಎಂಬ ಮಾತು ಸೇರಿಸುತ್ತವೆ. ಆದರೆ ಬ್ರಿಟನ್ನಿನ ಸಮುದ್ರದಲ್ಲಿ ಸಿಗುವ ಒಂದು ಚುಕ್ಕೆ ಶಾರ್ಕಿಗೆ ಇವತ್ತಿಗೂ ಎರಡು ಹೆಸರಿದೆ: 'ಬುಲ್ ಹಸ್' ಮತ್ತು 'ನರ್ಸ್‌ಹೌಂಡ್'. ಒಂದೇ ಮೀನಿನ ಮೇಲೆ ಎರಡೂ ರೂಪ ಉಳಿದುಕೊಂಡಿವೆ. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ ಸುಳಿವು ಬೇಕಿಲ್ಲ.

ಈಗ ಬಳಕೆಗೆ ಬರೋಣ. ಎಡವುವುದು ಇಲ್ಲೇ. ಫ್ಲೋರಿಡಾ, ಕೆರಿಬಿಯನ್ ಕಡೆಯವರು ಸುಮ್ನೆ 'ನರ್ಸ್ ಶಾರ್ಕ್' ಅಂದರೆ ಅದು ಗಿಂಗ್ಲಿಮೋಸ್ಟೋಮಾ ಸಿರಾಟಂ ಎಂಬ ವೈಜ್ಞಾನಿಕ ಹೆಸರಿನ ಜಾತಿ. ಕಂದು ಬಣ್ಣ, ಸುಮಾರು 3 ಮೀಟರ್ ಉದ್ದ, ಹಗಲೆಲ್ಲ ತಳದಲ್ಲಿ ಗುಂಪಾಗಿ ಮಲಗಿರುತ್ತದೆ. ಮಾಲ್ಡೀವ್ಸ್‌ಗೆ ಹೋದವರಿಗೆ ಗೈಡ್‌ಗಳು 'ನರ್ಸ್ ಶಾರ್ಕ್' ಎಂದು ತೋರಿಸುವುದು ಅದರ ಹತ್ತಿರದ ಬಂಧುವನ್ನು. ಅದರ ಪೂರ್ತಿ ಹೆಸರು 'ಟಾನಿ ನರ್ಸ್ ಶಾರ್ಕ್'. ನಮ್ಮ ಲಕ್ಷದ್ವೀಪ, ಅಂಡಮಾನಿನಲ್ಲಿ ಇರುವುದೂ ಅದೇ.

ಆಸ್ಟ್ರೇಲಿಯಾದವರ 'ಗ್ರೇ ನರ್ಸ್' ಮಾತ್ರ ಬೇರೆಯೇ ಪ್ರಾಣಿ. ಹೆಸರು ಬಿಟ್ಟರೆ ಇವೆರಡಕ್ಕೂ ಹತ್ತಿರದ ನಂಟಿಲ್ಲ. ಅಮೆರಿಕದಲ್ಲಿ ಅದನ್ನೇ 'ಸ್ಯಾಂಡ್ ಟೈಗರ್' ಎನ್ನುತ್ತಾರೆ, ದಕ್ಷಿಣ ಆಫ್ರಿಕಾದಲ್ಲಿ 'ರ್‍ಯಾಗೆಡ್ ಟೂತ್'. ಬಾಯಿ ಮುಚ್ಚಿದ್ದರೂ ಸೂಜಿಯಂಥ ಹಲ್ಲುಗಳು ಹೊರಗೆ ಕಾಣುತ್ತವೆ. ಆ ಮುಖ ನೋಡಿಯೇ ಜನ ಅದನ್ನು ನರಭಕ್ಷಕ ಅಂದುಕೊಂಡರು. 1950, 60ರ ದಶಕಗಳಲ್ಲಿ ಅವನ್ನು ಈಟಿಯಿಂದ ಚುಚ್ಚಿ ಕೊಂದರು. ನಿಜದಲ್ಲಿ ಅದು ಸಾಧು ಮೀನು. ನ್ಯೂ ಸೌತ್ ವೇಲ್ಸ್ ಸರ್ಕಾರ 1984ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. ಜಗತ್ತಿನಲ್ಲಿ ಅಂಥ ರಕ್ಷಣೆ ಪಡೆದ ಮೊದಲ ಶಾರ್ಕ್ ಅದು. ಆದರೂ ಅಲ್ಲಿನ ಪೂರ್ವ ಕರಾವಳಿಯಲ್ಲಿ ಅದು ಇನ್ನೂ ಅಳಿವಿನ ಅಂಚಿನಲ್ಲೇ ಇದೆ. ತಾಯಿಯ ಎರಡು ಗರ್ಭಕೋಶಗಳಲ್ಲೂ ದೊಡ್ಡ ಮರಿ ಉಳಿದವನ್ನು ಒಳಗೇ ತಿಂದುಬಿಡುವುದರಿಂದ ಒಂದು ಸಲಕ್ಕೆ ಹುಟ್ಟುವುದು ಎರಡೇ ಮರಿ. ಕಳೆದುಕೊಂಡದ್ದು ಮತ್ತೆ ತುಂಬಲು ಬಹಳ ಕಾಲ ಬೇಕು. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ಮಾತು. 'ನರ್ಸ್' ಎಂಬ ಹೆಸರು ಕೇಳಿ ಮೃದು ಪ್ರಾಣಿ ಎಂದುಕೊಂಡು ಮುಟ್ಟಲು, ಬಾಲ ಹಿಡಿಯಲು ಹೋಗಬೇಡಿ. ತಾನಾಗಿ ಮೇಲೆ ಬೀಳುವ ಮೀನಲ್ಲ, ನಿಜ. ಕೆಣಕಿದರೆ ಕಚ್ಚುತ್ತದೆ, ಕಚ್ಚಿದರೆ ಸುಲಭಕ್ಕೆ ಬಿಡುವುದಿಲ್ಲ.

ಬರೆಯುವಾಗ ಕನ್ನಡದಲ್ಲೂ 'ನರ್ಸ್ ಶಾರ್ಕ್' ಎಂದೇ ಇಟ್ಟುಕೊಳ್ಳಿ. 'ದಾದಿ' ಎಂದರೆ ಇಲ್ಲದ ಅರ್ಥವನ್ನು ನಾವೇ ತುರುಕಿದ ಹಾಗಾಗುತ್ತದೆ. ಇಂಗ್ಲಿಷಿನಿಂದ ಅನುವಾದ ಮಾಡುತ್ತಿದ್ದರೆ ಮೂಲ ಲೇಖನ ಯಾವ ದೇಶದ್ದು ಎಂದು ಮೊದಲು ನೋಡಿ. ಆಸ್ಟ್ರೇಲಿಯಾದ್ದಾಗಿದ್ದರೆ 'ಗ್ರೇ' ಪದವನ್ನು ಬಿಡಬೇಡಿ. ಅನುಮಾನ ಬಂದರೆ ಪಕ್ಕದಲ್ಲಿ ವೈಜ್ಞಾನಿಕ ಹೆಸರನ್ನೂ ಹಾಕಿ.