ನುಡಿಯ ಹಳೆ ಕಡತ: ಮೊದಲು ಅಕ್ಷರ ಬದಲಾಗಲಿ, ಆಮೇಲೆ ಕಡತ

ಪ್ರಶ್ನೆ: ತಂದೆಯವರು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಇನ್ನೂರು ಆರ್‌ಟಿಎಫ್ (ಅಕ್ಷರದ ಜೊತೆ ಫಾಂಟಿನ ಹೆಸರನ್ನೂ ಇಟ್ಟುಕೊಳ್ಳುವ) ಕಡತಗಳಿವೆ. ಟರ್ಮಿನಲ್‌ನಲ್ಲಿ ಲಿಬ್ರೆಆಫೀಸ್ (ವರ್ಡ್‌ನಂಥ ಪುಕ್ಕಟೆ ತಂತ್ರಾಂಶ) ಓಡಿಸಿ ಎಲ್ಲವನ್ನೂ ಒಂದೇ ಸಲ ಟೆಕ್ಸ್ಟ್ ಮಾಡಿದೆ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿತ್ರವಿಚಿತ್ರ ಚಿಹ್ನೆ ಬಂದಿವೆ. ಯಾವ ಆಪ್ಷನ್ ಬಿಟ್ಟುಹೋಗಿದೆ?

ಯಾವುದೂ ಬಿಟ್ಟುಹೋಗಿಲ್ಲ. ಲಿಬ್ರೆಆಫೀಸ್ ಇದ್ದದ್ದನ್ನು ಇದ್ದಂತೆ ಕೊಟ್ಟಿದೆ. ಆ ಕಡತದೊಳಗೆ ಕನ್ನಡ ಇರಲೇ ಇಲ್ಲ. ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ) ಮುಂಚಿನ ನುಡಿ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ನಿಮಗೆ ‘ಕ’ ಎಂದು ಕಾಣುವುದು ಒಳಗೆ ದೊಡ್ಡಕ್ಷರದ ‘ಪಿ’, ಅದರ ಹಿಂದೆಯೇ ತಲೆಯ ಮೇಲೆ ಗೆರೆ ಹೊತ್ತ ‘ಎ’. ಫಾಂಟ್ ಇರುವಷ್ಟು ಹೊತ್ತು ಅದು ಕನ್ನಡ. ಟೆಕ್ಸ್ಟ್ ಕಡತಕ್ಕೆ ಫಾಂಟೇ ಇಲ್ಲ.

ಇದಕ್ಕೆ ಕಡತದ ಸಂಕೇತಪದ್ಧತಿ ಬದಲಿಸುವ ಐಕಾನ್ವ್ ಓಡಿಸಿ ಎಂದು ಹೇಳುವವರ ಮಾತು ಕೇಳಬೇಡಿ. ಐಕಾನ್ವ್ ಆ ‘ಪಿ’ಯನ್ನು ‘ಪಿ’ ಎಂದೇ ಓದಿ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ‘ಪಿ’ ಎಂದೇ ಬರೆಯುತ್ತದೆ, ಅಷ್ಟೆ. ಹುಡುಕಿ ಬದಲಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಕೊಡುವವರಿಗೆ ಅರ್ಕಾವೊತ್ತು ನೆನಪಾಗುವುದಿಲ್ಲ. ‘ಧರ್ಮ’ದಲ್ಲಿ ನುಡಿ ಮೊದಲು ‘ಮ’ ಇಟ್ಟು ಆಮೇಲೆ ಅರ್ಕಾವೊತ್ತು ಇಡುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು, ‘ಮ’ ಆಮೇಲೆ. ಬದಲಿಸಿದರೆ ಸಾಲದು, ಅಕ್ಷರಗಳ ಸ್ಥಾನವನ್ನೂ ಅದಲುಬದಲು ಮಾಡಬೇಕು.

ನಿಮ್ಮ ನಿಜವಾದ ತಪ್ಪು ಬೇರೆ. ಫಾಂಟಿನ ಹೆಸರನ್ನು ನೀವು ಮೊದಲ ಹೆಜ್ಜೆಯಲ್ಲೇ ಕಳೆದುಕೊಂಡಿರಿ. ತಂದೆಯವರು ನಡುವೆ ಇಂಗ್ಲಿಷಿನಲ್ಲಿ ಬರೆದ ಊರು, ಪುಸ್ತಕ, ವಿಳಾಸಗಳು ಟೈಮ್ಸ್ ನ್ಯೂ ರೋಮನ್‌ನಲ್ಲಿದ್ದವು; ಅವೂ ಈಗ ಅದೇ ರಾಶಿಯಲ್ಲಿವೆ. ಯಾವ ‘ಪಿ’ ನಿಜವಾದ ‘ಪಿ’, ಯಾವುದು ‘ಕ’ ಎಂದು ನುಡಿಯನ್ನು ಯೂನಿಕೋಡ್ ಮಾಡುವ ಪರಿವರ್ತಕಕ್ಕೆ ತಿಳಿಯುವುದು ಹೇಗೆ? ಹೀಗೆ ಮಾಡಿ ಮೂಲ ಕಡತಗಳನ್ನು ಅಳಿಸಿಬಿಟ್ಟಿದ್ದ ಒಂದು ಜನಪದ ಹಾಡುಗಳ ಸಂಗ್ರಹ ಹಿಂದೆ ನನ್ನ ಕೈಗೆ ಬಂದಿತ್ತು. ಅದೂ ಸಾಲದೆಂದು ಬರೀ ಆಸ್ಕಿಯಲ್ಲಿ (ಇಂಗ್ಲಿಷಿನ ಬರಿಯ ಅಕ್ಷರಗಳಿಗಷ್ಟೇ ಜಾಗವಿರುವ ಪದ್ಧತಿ) ಉಳಿಸಿದ್ದರು. ಗೆರೆ ಹೊತ್ತ ‘ಎ’ ಇದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಆ ಹಾಡುಗಳನ್ನು ನನ್ನಿಂದ ಉಳಿಸಿಕೊಡಲಾಗಲಿಲ್ಲ. ಅದಕ್ಕೇ ಕೇಳುತ್ತೇನೆ: ಮೂಲ ಕಡತ ಇನ್ನೂ ಇದೆ ತಾನೆ? ಈಗಲೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಅದನ್ನು ಓದಲು ಮಾತ್ರ ಎಂದು ಬೀಗ ಹಾಕಿ. ಉಳಿದದ್ದು ಆಮೇಲೆ.

ಎಲ್ಲ ಕಡತವೂ ಹಳೆಯ ಬಗೆಯದೇ ಆಗಿರಬೇಕಿಲ್ಲ. ಆರ್‌ಟಿಎಫ್ ಅನ್ನು ಬರೀ ಎಡಿಟರ್‌ನಲ್ಲಿ ತೆರೆದು ನೋಡಿ. ಹಿಂಗೆರೆ (\), ‘ಯು’ (u), ಅದರ ಪಕ್ಕ 3200ರಿಂದ 3327ರೊಳಗಿನ ಸಂಖ್ಯೆಗಳು ಕಂಡರೆ ಅದು ಯೂನಿಕೋಡ್ ಕನ್ನಡ. ‘ಕ’ ಎಂದರೆ 3221. ಹಿಂಗೆರೆ, ಮೇಲುಕೊಂಡಿ ('), ‘ಸಿ0’ (c0) ಎಂಬಂಥವು ಸಾಲುಸಾಲಾಗಿದ್ದು, ಮೇಲಿನ ಫಾಂಟ್ ಪಟ್ಟಿಯಲ್ಲಿ ನುಡಿಯ ಹೆಸರಿದ್ದರೆ ಹಳೆಯದು. ಕಡತಗಳಲ್ಲಿ ಪದ ಹುಡುಕುವ ಗ್ರೆಪ್ ಆಜ್ಞೆ ಈ ಎರಡು ಗುಂಪನ್ನು ನಿಮಿಷದಲ್ಲಿ ಬೇರ್ಪಡಿಸುತ್ತದೆ.

ಹಳೆಯ ಗುಂಪನ್ನು ಲಿಬ್ರೆಆಫೀಸ್‌ನಿಂದ ಟೆಕ್ಸ್ಟ್‌ಗಲ್ಲ, ವರ್ಡ್‌ನ ಡಾಕ್‌ಎಕ್ಸ್‌ಗೆ ತಿರುಗಿಸಿ. ಫಾಂಟಿನ ಹೆಸರು ಉಳಿಯುತ್ತದೆ. ಪೈಥಾನ್‌ನಲ್ಲಿ ಒಂದೊಂದೇ ರನ್ (ಒಂದೇ ಬಗೆಯ ಅಕ್ಷರವಿನ್ಯಾಸದ ತುಂಡು) ತೆಗೆದು, ನುಡಿ ಫಾಂಟ್ ಇರುವುದನ್ನು ಮಾತ್ರ ಪರಿವರ್ತಕದ ಬಾಯಿಗೆ ಕೊಡಿ. ಫಾಂಟ್ ರನ್‌ನಲ್ಲಿ ಕಾಣದಿದ್ದರೆ ಪ್ಯಾರಾದ ಸ್ಟೈಲ್‌ನಲ್ಲಿ ನೋಡಿ. ಅದಕ್ಕೂ ಮೊದಲು ಒಂದೇ ಫಾಂಟಿನ ಅಕ್ಕಪಕ್ಕದ ರನ್‌ಗಳನ್ನು ಕೂಡಿಸಿ. ಇದನ್ನು ಬಿಟ್ಟವರೇ ಹೆಚ್ಚು. ಪದ ನಡುವೆ ತುಂಡಾಗಿ ‘ಮ’ ಒಂದು ರನ್‌ನಲ್ಲಿ, ಅರ್ಕಾವೊತ್ತು ಮುಂದಿನದರಲ್ಲಿ ಉಳಿದರೆ ಧರ್ಮ ಕೆಟ್ಟಂತೆಯೇ. ಹತ್ತು ಪುಟ ಕಣ್ಣಿಂದ ಓದಿ ನೋಡಿದ ಮೇಲೆಯೇ ಇನ್ನೂರನ್ನೂ ಓಡಿಸಿ. ಆಮೇಲೆ ಕಡತದ ಬಗೆ ಬದಲಿಸುವ ಪ್ಯಾನ್‌ಡಾಕ್‌ನಿಂದ ಎಚ್‌ಟಿಎಂಎಲ್, ಇಪಬ್, ಮಾರ್ಕ್‌ಡೌನ್, ಏನು ಬೇಕೋ ಮಾಡಿಕೊಳ್ಳಿ.

ಪ್ರಶ್ನೆ: ಪಿಡಿಎಫ್ ಮಾಡಿದರೆ ಕನ್ನಡ ಸರಿಯಾಗಿಯೇ ಕಾಣುತ್ತದಲ್ಲ, ಇಷ್ಟೆಲ್ಲ ಯಾಕೆ?

ಕಾಣುತ್ತದೆ, ಆದರೆ ಅದರಲ್ಲಿ ‘ಕನ್ನಡ’ ಎಂದು ಹುಡುಕಿ, ಸಿಗುವುದಿಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಇಂಗ್ಲಿಷ್ ಅಕ್ಷರಗಳೆಂದೇ ಓದುತ್ತದೆ.

ಪ್ರಶ್ನೆ: ಡಾಕ್ ಕಡತದ ಹೆಸರಿನ ಕೊನೆಯನ್ನು ಡಾಕ್‌ಎಕ್ಸ್ ಎಂದು ತಿದ್ದಿದರೂ ಪ್ಯಾನ್‌ಡಾಕ್ ಓದುತ್ತಿಲ್ಲ.

ಹೆಸರು ತಿದ್ದಿದರೆ ಕಡತ ಬದಲಾಗುವುದಿಲ್ಲ. ಹಳೆಯ ಡಾಕ್ ಅನ್ನು ಪ್ಯಾನ್‌ಡಾಕ್ ಓದುವುದಿಲ್ಲ, ಮೊದಲು ಲಿಬ್ರೆಆಫೀಸ್.

ಪ್ರಶ್ನೆ: ಆರ್‌ಟಿಎಫ್‌ನಲ್ಲಿ ಮ್ಯಾಕ್ರೋ (ಕಡತದೊಳಗಿನ ಕಿರುಪ್ರೋಗ್ರಾಂ) ಇಲ್ಲ, ಹಾಗಾಗಿ ಯಾರು ಕಳಿಸಿದ್ದನ್ನೂ ತೆರೆಯಬಹುದಂತೆ?

ಸುಳ್ಳು. 2017ರಲ್ಲಿ ಬಯಲಾದ ವರ್ಡ್‌ನ ದೋಷಗಳನ್ನು ದಾಳಿಕೋರರು ಬಳಸಿಕೊಂಡದ್ದು ಆರ್‌ಟಿಎಫ್ ಕಡತಗಳ ಮೂಲಕವೇ.

ಪ್ರಶ್ನೆ: ಆಸ್ತಿಪತ್ರ, ಉಯಿಲುಗಳನ್ನು ಪುಕ್ಕಟೆ ಪರಿವರ್ತಿಸುವ ಯಾವುದಾದರೂ ಜಾಲತಾಣ ಹೇಳಿ.

ಹೇಳುವುದಿಲ್ಲ. ಅಂಥ ಪತ್ರ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಬಾರದು.